ಬಾಕಿ ಬಿಲ್ಲಿನ ವಸೂಲಿ: 45 ದಿನದ ಕಾನೂನನ್ನು ನಾನು ಬಳಸುವ ಬಗೆ

ಸಣ್ಣ ಕೈಗಾರಿಕೆಗೆ ಸರ್ಕಾರದ ನೆರವು ಎಂದ ಕೂಡಲೇ ಮಾತು ಸಬ್ಸಿಡಿ, ಸಾಲದ ಕಡೆ ಹೊರಳುತ್ತದೆ. ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ನಾಲ್ಕು ಮೆಷಿನ್ ಇಟ್ಟುಕೊಂಡು ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವವರ ಕಷ್ಟ ಬೇರೆ: ಮಾಲು ಹೋಗಿರುತ್ತದೆ, ಜಿಎಸ್‌ಟಿ ಕಟ್ಟಿ ಆಗಿರುತ್ತದೆ, ಸಂಬಳ ಕೊಟ್ಟು ಆಗಿರುತ್ತದೆ, ದುಡ್ಡು ಮಾತ್ರ ಬಂದಿರುವುದಿಲ್ಲ. ಇದಕ್ಕೆಂದೇ 2006ರ ಎಂಎಸ್‌ಎಂಇಡಿ (ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ) ಕಾಯ್ದೆಯಲ್ಲಿ ಐದನೇ ಅಧ್ಯಾಯವಿದೆ, ಕಲಂ 15ರಿಂದ 25. ಅರ್ಜಿ ಹಾಕಿದ ಮೇಲೆ ಕೌನ್ಸಿಲ್ (ಇಂಥ ಬಾಕಿಯ ವ್ಯಾಜ್ಯ ನೋಡುವ ರಾಜ್ಯದ ಮಂಡಳಿ) ಏನು ಮಾಡುತ್ತದೆ ಎಂಬುದಕ್ಕಿಂತ, ಮಾಲು ಗೇಟು ದಾಟಿದ ದಿನ ನಮ್ಮ ಕೈಯಲ್ಲಿ ಯಾವ ಕಾಗದ ಉಳಿಯಿತು ಎಂಬುದರ ಮೇಲೆ ವಸೂಲಿ ನಿಂತಿದೆ. ಹಾಗಾಗಿ ಮೊದಲು ಕಾಗದದ ಮಾತು.

ಶುರುವಾಗುವುದು ಉದ್ಯಮ್, ಅಂದರೆ ಕೇಂದ್ರ ಸರ್ಕಾರದ ಆನ್‌ಲೈನ್ ಉದ್ದಿಮೆ ನೋಂದಣಿಯಿಂದ. ಈ ಅಧ್ಯಾಯದ ರಕ್ಷಣೆ ಇರುವುದು ಕಿರು ಮತ್ತು ಸಣ್ಣ ಉದ್ದಿಮೆಗೆ ಮಾತ್ರ, ಮಧ್ಯಮ ಉದ್ದಿಮೆಗೆ ಇಲ್ಲ. 2025ರ ಏಪ್ರಿಲ್ 1ರಿಂದ ಮಿತಿಗಳು ಏರಿವೆ: ಯಂತ್ರೋಪಕರಣದ ಹೂಡಿಕೆ 2.5 ಕೋಟಿ ಮತ್ತು ವಹಿವಾಟು 10 ಕೋಟಿ ರೂಪಾಯಿವರೆಗೆ ಕಿರು. 25 ಕೋಟಿ ಮತ್ತು 100 ಕೋಟಿವರೆಗೆ ಸಣ್ಣ. ಹಿಂದೆ ಮಧ್ಯಮಕ್ಕೆ ಏರಿಬಿಟ್ಟಿದ್ದ ಎಷ್ಟೋ ಘಟಕಗಳು ಹೊಸ ಮಿತಿಯಲ್ಲಿ ಮತ್ತೆ ಸಣ್ಣವಾಗಿವೆ. ಅಂಥವರು ಹೊಸ ಪ್ರಮಾಣಪತ್ರ ಇಳಿಸಿಕೊಂಡು ಗಿರಾಕಿಗಳಿಗೆ ಮತ್ತೆ ಕಳಿಸಬೇಕು. ರಫ್ತಿನ ವಹಿವಾಟನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪ್ರಮಾಣಪತ್ರದಲ್ಲಿ ನಾನು ನೋಡುವುದು ಎರಡು ಸಂಗತಿ. ಒಂದು, ಎನ್‌ಐಸಿ ಕೋಡ್, ಅಂದರೆ ನಮ್ಮದು ಯಾವ ಬಗೆಯ ಕಸುಬು ಎಂದು ಹೇಳುವ ಸಂಖ್ಯೆ. ವ್ಯಾಪಾರಿಗಳಿಗೂ 2021ರ ಜುಲೈಯಿಂದ ಉದ್ಯಮ್ ಸಂಖ್ಯೆ ಸಿಗುತ್ತಿದೆ, ಆದರೆ ಅವರಿಗೆ ದೊರೆಯುವುದು ಆದ್ಯತಾ ವಲಯದ ಸಾಲದ ಅನುಕೂಲವಷ್ಟೇ, ವಿಳಂಬ ಪಾವತಿಯ ರಕ್ಷಣೆಯಲ್ಲ. ತಯಾರಿಕೆಯನ್ನೇ ಮಾಡುತ್ತಿದ್ದರೂ ಅವಸರದಲ್ಲಿ 46, 47ರ ಗುಂಪಿನ (ವ್ಯಾಪಾರದ) ಕೋಡ್ ಮಾತ್ರ ಹಾಕಿಸಿಕೊಂಡವರು ಬಹಳ ಮಂದಿ ಇದ್ದಾರೆ. ಎದುರು ಪಕ್ಷದ ವಕೀಲರು ಮೊದಲು ಬೆರಳಿಡುವುದೇ ಅಲ್ಲಿ. ತಯಾರಿಕೆ ಅಥವಾ ಸೇವೆಯ ಕೋಡ್ ಸೇರಿಸಿ ತಿದ್ದಿಸಿಕೊಳ್ಳಲು ಶುಲ್ಕವಿಲ್ಲ. ಇನ್ನೊಂದು, ನೋಂದಣಿಯ ದಿನಾಂಕ. ಸರಬರಾಜು ಆದ ಮೇಲೆ ನೋಂದಣಿ ಮಾಡಿಸಿ ಹಳೆಯ ಬಿಲ್ಲಿಗೆ ಈ ಕಾಯ್ದೆಯ ಲಾಭ ಕೇಳಲಾಗದು ಎಂದು ಸುಪ್ರೀಂ ಕೋರ್ಟ್ 2021ರ ಸಿಲ್ಪಿ ಇಂಡಸ್ಟ್ರೀಸ್ ತೀರ್ಪಿನಲ್ಲೂ 2022ರ ಮಹಾಕಾಳಿ ಫುಡ್ಸ್ ತೀರ್ಪಿನಲ್ಲೂ ಹೇಳಿದೆ. 2025ರ ಜನವರಿಯಲ್ಲಿ ಎನ್‌ಬಿಸಿಸಿ ಪ್ರಕರಣದಲ್ಲಿ ದ್ವಿಸದಸ್ಯ ಪೀಠ ಬೇರೆ ಅಭಿಪ್ರಾಯ ತಾಳಿ ವಿಷಯವನ್ನು ಮೂವರ ಪೀಠಕ್ಕೆ ಕಳಿಸಿತು. ಆ ವಾದವನ್ನು ನಂಬಿಕೊಂಡು ಕೂರುವ ಬದಲು ಮೊದಲ ಪಿಒಗೆ (ಪರ್ಚೇಸ್ ಆರ್ಡರ್) ಮುಂಚೆಯೇ ನೋಂದಣಿ ಇರಲಿ.

ಇನ್ನು 45 ದಿನದ ಲೆಕ್ಕ. ಇಲ್ಲಿ ಗಿರಾಕಿಗಳಷ್ಟೇ ಅಲ್ಲ, ನಮ್ಮವರೂ ಎಡವುತ್ತಾರೆ. ಲಿಖಿತ ಒಪ್ಪಂದದಲ್ಲಿ ಪಾವತಿಯ ದಿನ ಬರೆದಿದ್ದರೆ ಅದೇ ಗಡುವು, ಆದರೆ ಅದು 45 ದಿನ ಮೀರುವಂತಿಲ್ಲ. ಬರವಣಿಗೆಯಲ್ಲಿ ಏನೂ ಇಲ್ಲದಿದ್ದರೆ ಗಡುವು 15 ದಿನ, 45 ಅಲ್ಲ. ದಿನ ಎಣಿಸುವುದು ಮಾಲು ತಲುಪಿದ ದಿನದಿಂದ. ಬಿಲ್ಲಿನ ದಿನಾಂಕದಿಂದಲ್ಲ, ಬಿಲ್ ಪಾಸಾದ ದಿನದಿಂದಲ್ಲ, 'ತಿಂಗಳ ಕೊನೆಯಿಂದ 45' ಎಂಬ ಪರ್ಚೇಸ್ ವಿಭಾಗದ ಲೆಕ್ಕದಿಂದಲೂ ಅಲ್ಲ. ಜನವರಿ 10ರಂದು ಮಾಲು ಇಳಿದಿದೆ ಎನ್ನಿ. ಪಿಒದಲ್ಲಿ 30 ದಿನ ಎಂದಿದ್ದರೆ ಫೆಬ್ರುವರಿ 9ರೊಳಗೆ ಹಣ ಬರಬೇಕು. ಪಿಒದಲ್ಲಿ 90 ದಿನ ಎಂದು ಅಚ್ಚಾಗಿದ್ದರೂ ಕಾನೂನಿನ ಪ್ರಕಾರ ಫೆಬ್ರುವರಿ 24ಕ್ಕೆ ಗಡುವು ಮುಗಿಯುತ್ತದೆ, ಏಕೆಂದರೆ ಒಪ್ಪಂದ ಏನೇ ಹೇಳಲಿ ಕಲಂ 15 ಆ 45 ದಿನ ಮೀರಲು ಬಿಡುವುದಿಲ್ಲ, ಕಲಂ 24ರಿಂದ ಅದು ಬೇರೆ ಕಾನೂನುಗಳನ್ನೂ ಮೀರಿ ನಿಲ್ಲುತ್ತದೆ. ಪಿಒದಲ್ಲಿ ಪಾವತಿಯ ಸೊಲ್ಲೇ ಇಲ್ಲದಿದ್ದರೆ ಜನವರಿ 25ಕ್ಕೇ ಮುಗಿಯಿತು.

ಮಾಲಿನ ಗುಣಮಟ್ಟದ ತಕರಾರು ತೆಗೆಯಲು ಖರೀದಿದಾರರಿಗೆ ತಲುಪಿದ ದಿನದಿಂದ 15 ದಿನ ಇದೆ, ಅದೂ ಬರವಣಿಗೆಯಲ್ಲಿ. ತಕರಾರು ಬಂದರೆ ನಾವು ಅದನ್ನು ಸರಿಪಡಿಸಿದ ದಿನದಿಂದ ಎಣಿಕೆ ಶುರು. 15 ದಿನದೊಳಗೆ ಏನೂ ಬರದಿದ್ದರೆ ಮಾಲು ತಲುಪಿದ ದಿನವೇ ಒಪ್ಪಿಕೊಂಡಂತೆ. ಆರು ತಿಂಗಳು ಸುಮ್ಮನಿದ್ದು, ಬಾಕಿ ಕೇಳಿದಾಗ 'ಬೋರ್ ಸೈಜು ಔಟ್ ಆಗಿತ್ತು' ಎಂದು ಡೆಬಿಟ್ ನೋಟ್ (ಬಾಕಿಯಲ್ಲಿ ಹಣ ಮುರಿದುಕೊಳ್ಳುವ ಚೀಟಿ) ಕಳಿಸುವ ಚಾಳಿಗೆ ಉತ್ತರ ಈ ಹದಿನೈದು ದಿನದಲ್ಲಿದೆ. ಆದರೆ ಡೆಬಿಟ್ ನೋಟ್ ಕೈಗೆ ಬಂದಾಗ ಸುಮ್ಮನೆ ಫೈಲಿಗೆ ಸೇರಿಸಿದರೆ ನಾವೇ ಒಪ್ಪಿಕೊಂಡಂತೆ ಕಾಣುತ್ತದೆ. ಅದೇ ವಾರ ಇಮೇಲಿನಲ್ಲಿ ಬರೆಯುತ್ತೇನೆ: ಇಂಥ ಚಲನ್, ಇಂಥ ದಿನ ತಲುಪಿದೆ, 15 ದಿನದೊಳಗೆ ಲಿಖಿತ ಆಕ್ಷೇಪ ಬಂದಿಲ್ಲ, ತಿರಸ್ಕೃತ ತುಂಡುಗಳನ್ನು ವಾಪಸ್ ಕಳಿಸಿಲ್ಲ, ಆದ್ದರಿಂದ ಈ ಡೆಬಿಟ್ ನೋಟ್ ಒಪ್ಪಿಲ್ಲ.

ಹಾಗಾದರೆ ತಲುಪಿದ ದಿನಕ್ಕೆ ಸಾಕ್ಷಿ ಏನು? ಪ್ರತಿ ರವಾನೆಗೂ ನಾನು ಇವನ್ನು ಒಂದೇ ಕಡೆ ಪಿಡಿಎಫ್ ಮಾಡಿ ಇಡುತ್ತೇನೆ: ಪಿಒ ಮತ್ತು ಅದರ ತಿದ್ದುಪಡಿಗಳು, ಇನ್‌ವಾಯ್ಸ್, ಗೇಟಿನ ಸೆಕ್ಯುರಿಟಿ ಸೀಲು ಮತ್ತು ದಿನಾಂಕ ಬಿದ್ದ ಚಲನ್, ಇ-ವೇ ಬಿಲ್, ಸಾಗಣೆದಾರರ ರಸೀದಿ, ಇನ್ಸ್‌ಪೆಕ್ಷನ್ ರಿಪೋರ್ಟ್, ಸಿಕ್ಕರೆ ಅವರ ಜಿಆರ್‌ಎನ್ (ಮಾಲು ಸ್ವೀಕೃತಿ ಚೀಟಿ) ಸಂಖ್ಯೆ. ಇವುಗಳಲ್ಲಿ ಹೆಚ್ಚು ಕಳೆದುಹೋಗುವುದು ಸೀಲಿನ ಚಲನ್. ಡ್ರೈವರ್ ಜೇಬಿನಲ್ಲೇ ಉಳಿಯುತ್ತದೆ, ಮಳೆಯಲ್ಲಿ ನೆನೆಯುತ್ತದೆ. ಹಾಗಾಗಿ ಗೇಟಿನಲ್ಲೇ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಬೇಕು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಫೋಟೊದಲ್ಲಿ ಸೀಲಿನ ದಿನಾಂಕ ಓದಲು ಬರಬೇಕು, ಇಲ್ಲದಿದ್ದರೆ ಅದು ಬರೀ ಚಿತ್ರ. ಜಾಬ್‌ವರ್ಕ್ ಆದರೆ ಅವರು ಕಳಿಸಿದ ಕಚ್ಚಾಮಾಲಿನ ಚಲನ್, ನಾವು ವಾಪಸ್ ಕಳಿಸಿದ ಚಲನ್, ಸ್ಕ್ರ್ಯಾಪ್ ಲೆಕ್ಕ ಮೂರೂ ತಾಳೆಯಾಗಬೇಕು. ಕೌನ್ಸಿಲಿನ ಮುಂದೆ 'ನಮ್ಮ ಕಬ್ಬಿಣ ಇವರಲ್ಲೇ ಉಳಿದಿದೆ' ಎಂಬ ವಾದ ಹೊರಡುವುದೇ ಆ ತಾಳೆ ತಪ್ಪಿದಾಗ.

ಜಿಎಸ್‌ಟಿ ಇನ್ನೊಂದು ಗಟ್ಟಿ ಸಾಕ್ಷಿ. ನಾವು ಜಿಎಸ್‌ಟಿಆರ್-1ರಲ್ಲಿ (ಮಾರಾಟದ ವಿವರ) ಹಾಕಿದ ಬಿಲ್ಲು ಅವರ ಜಿಎಸ್‌ಟಿಆರ್-2ಬಿಯಲ್ಲಿ (ಖರೀದಿಯ ಪಟ್ಟಿ) ಕಂಡು, ಅವರು ಇನ್‌ಪುಟ್ ಕ್ರೆಡಿಟ್ (ಖರೀದಿಯ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ವಜಾ) ತೆಗೆದುಕೊಂಡಿದ್ದರೆ, ಮಾಲು ಬಂದಿಲ್ಲ ಎನ್ನುವ ಬಾಯಿ ಕಟ್ಟಿದಂತೆ. ಜೊತೆಗೆ ಬಿಲ್ಲಿನ ದಿನಾಂಕದಿಂದ 180 ದಿನದೊಳಗೆ ಹಣ ಕೊಡದಿದ್ದರೆ ಅವರು ಆ ಕ್ರೆಡಿಟ್ಟನ್ನು ಬಡ್ಡಿಸಮೇತ ಹಿಂದಿರುಗಿಸಬೇಕು. 150ನೇ ದಿನದ ಸುಮಾರಿಗೆ ಅವರ ಅಕೌಂಟ್ಸ್ ವಿಭಾಗಕ್ಕೆ, ಪರ್ಚೇಸಿಗಲ್ಲ, ಇದನ್ನು ನೆನಪಿಸಿ ಎರಡು ಸಾಲು ಬರೆದರೆ ಕೆಲವು ಬಿಲ್ಲುಗಳು ಅಲ್ಲಿಗೇ ಇತ್ಯರ್ಥವಾಗುತ್ತವೆ.

ಬಡ್ಡಿಯ ಲೆಕ್ಕ ನಿಧಾನವಾಗಿ ಮಾಡಬೇಕಾದ ಕೆಲಸ. ಕಲಂ 16ರ ಪ್ರಕಾರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಬ್ಯಾಂಕ್ ದರ ಎಂದರೆ ರೆಪೊ ದರವಲ್ಲ, ನಮ್ಮ ಬ್ಯಾಂಕಿನ ಸಾಲದ ದರವೂ ಅಲ್ಲ. 2023ರ ಫೆಬ್ರುವರಿಯಿಂದ 2025ರ ಫೆಬ್ರುವರಿವರೆಗೆ ರೆಪೊ ಶೇ 6.50 ಇದ್ದಾಗ ಬ್ಯಾಂಕ್ ದರ ಶೇ 6.75 ಇತ್ತು. ಆಮೇಲೆ 2025ರಲ್ಲೇ ಇಳಿಯುತ್ತ ಬಂತು: ಫೆಬ್ರುವರಿಯಲ್ಲಿ 6.50, ಏಪ್ರಿಲ್‌ನಲ್ಲಿ 6.25, ಜೂನ್‌ನಲ್ಲಿ 5.75, ಡಿಸೆಂಬರ್‌ನಲ್ಲಿ 5.50. 5 ಲಕ್ಷ ರೂಪಾಯಿಯ ಬಾಕಿ 2024ರ ಇಡೀ ವರ್ಷ ಉಳಿದಿದ್ದರೆ ವಾರ್ಷಿಕ ದರ 20.25, ತಿಂಗಳಿಗೆ 1.6875. ಹನ್ನೆರಡು ತಿಂಗಳ ಚಕ್ರಬಡ್ಡಿ ಸುಮಾರು 1,11,200 ರೂಪಾಯಿ. ಸರಳ ಬಡ್ಡಿ ಹಿಡಿದರೆ 1,01,250. ವರ್ಷ ಮುಂದುವರಿದಷ್ಟೂ ಈ ಅಂತರ ಬೆಳೆಯುತ್ತದೆ.

ಎಕ್ಸೆಲ್‌ನಲ್ಲಿ ಬಿಲ್ಲಿಗೊಂದು ಸಾಲು ಹಾಕುತ್ತೇನೆ. ಬಿಲ್ ಸಂಖ್ಯೆ, ತಲುಪಿದ ದಿನ, ಗಡುವು, ಬಾಕಿ ಮೊತ್ತ, ನಡುವೆ ಬಂದ ಹಣ ಮತ್ತು ದಿನ, ದರ, ಬಡ್ಡಿ ಎಂದು ಕಾಲಂಗಳು. ದರ ಬದಲಾದಲ್ಲೆಲ್ಲ ಅವಧಿ ತುಂಡು ಮಾಡಿ ಹೊಸ ದರ ಹಾಕುತ್ತೇನೆ. ಒಟ್ಟು ಬಾಕಿಯ ಮೇಲೆ ಒಂದೇ ದಿನಾಂಕದಿಂದ ಬಡ್ಡಿ ಹಾಕಿ ಕಳಿಸಿದ ಲೆಕ್ಕ ಎದುರಾಳಿಗೆ ಕೊಟ್ಟ ಉಡುಗೊರೆ. ಒಂದು ಬಿಲ್ಲಿನಲ್ಲಿ ತಪ್ಪು ತೋರಿಸಿ ಇಡೀ ಪಟ್ಟಿಯನ್ನೇ ಅನುಮಾನಕ್ಕೆ ತಳ್ಳುತ್ತಾರೆ. ಗಿರಾಕಿ ಬಿಲ್ ಸಂಖ್ಯೆ ಹೇಳದೆ ಇಡಿಗಂಟಾಗಿ ಹಣ ಹಾಕಿದರೆ, ಯಾವ ಬಿಲ್ಲಿಗೆ ಜಮಾ ಮಾಡಿದೆವು ಎಂದು ಅದೇ ದಿನ ಇಮೇಲ್ ಹೋಗಬೇಕು.

ಅರ್ಜಿಗೆ ಮುಂಚೆ ಪತ್ರ. ನನ್ನ ಮಟ್ಟಿಗೆ ಹೆಚ್ಚಿನ ಹಣ ಬರುವುದು ಈ ಹಂತದಲ್ಲೇ, ಆದ್ದರಿಂದ ಪತ್ರವನ್ನು ಬೇಕಾಬಿಟ್ಟಿ ಬರೆಯುವುದಿಲ್ಲ. ಬೈಗುಳ ಬೇಡ, ಗೋಳೂ ಬೇಡ. ಉದ್ಯಮ್ ಸಂಖ್ಯೆ, ಬಿಲ್ಲುಗಳ ಪಟ್ಟಿ, ಕಲಂ 15 ಮತ್ತು 16ರ ಪ್ರಕಾರ ಇಂದಿನವರೆಗಿನ ಬಡ್ಡಿ, ಪಾವತಿಗೆ 15 ದಿನದ ಗಡುವು, ತಪ್ಪಿದರೆ ಕಲಂ 18ರ ಅಡಿ ಕೌನ್ಸಿಲಿಗೆ ಹೋಗುತ್ತೇವೆ ಎಂಬ ಒಂದು ಸಾಲು, ಇಷ್ಟೇ. ರಿಜಿಸ್ಟರ್ಡ್ ಆಫೀಸಿನ ವಿಳಾಸಕ್ಕೆ ಸ್ಪೀಡ್ ಪೋಸ್ಟ್, ಪ್ರತಿ ಫೈನಾನ್ಸ್ ಮುಖ್ಯಸ್ಥರಿಗೆ, ಇನ್ನೊಂದು ಕಂಪನಿ ಸೆಕ್ರೆಟರಿಗೆ. ಸೆಕ್ರೆಟರಿಗೆ ಯಾಕೆಂದರೆ 45 ದಿನ ಮೀರಿದ ಕಿರು-ಸಣ್ಣ ಉದ್ದಿಮೆಗಳ ಬಾಕಿಯನ್ನು ಕಂಪನಿಗಳು ಎಂಎಸ್‌ಎಂಇ ಫಾರಂ-1ರಲ್ಲಿ ಅರ್ಧವರ್ಷಕ್ಕೊಮ್ಮೆ, ಏಪ್ರಿಲ್ 30 ಮತ್ತು ಅಕ್ಟೋಬರ್ 31ರೊಳಗೆ, ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ತಿಳಿಸಬೇಕು. ಬಾಕಿ ಇದೆ ಎಂದು ಲಿಖಿತವಾಗಿ ತಿಳಿದ ಮೇಲೆ ಆ ಫಾರಂ ಖಾಲಿ ಬಿಡಲು ಸೆಕ್ರೆಟರಿ ಹಿಂಜರಿಯುತ್ತಾರೆ. ಕಲಂ 22ರ ಪ್ರಕಾರ ವಾರ್ಷಿಕ ಲೆಕ್ಕಪತ್ರದಲ್ಲೂ ಬಾಕಿ ಮತ್ತು ಬಡ್ಡಿ ತೋರಿಸಬೇಕು. ಆ ಬಡ್ಡಿಯನ್ನು ಅವರು ಆದಾಯ ತೆರಿಗೆಯಲ್ಲಿ ಖರ್ಚೆಂದು ಕಳೆಯುವಂತಿಲ್ಲ, ಅದು ಕಲಂ 23.

ಪತ್ರ ಕಳಿಸಲು ಒಳ್ಳೆಯ ಕಾಲ ಫೆಬ್ರುವರಿ. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಯ ಕಲಂ 43ಬಿಗೆ ಸೇರಿಸಿದ ಎಚ್ ಉಪಕಲಂ ಪ್ರಕಾರ, ಕಿರು-ಸಣ್ಣ ಉದ್ದಿಮೆಗೆ ಕಲಂ 15ರ ಗಡುವಿನೊಳಗೆ ಹಣ ಕೊಡದಿದ್ದರೆ ಆ ಖರೀದಿ ಆ ವರ್ಷದ ಖರ್ಚಾಗುವುದಿಲ್ಲ. ಹಣ ಕೊಟ್ಟ ವರ್ಷ ಮಾತ್ರ. 2024-25ರ ಅಸೆಸ್‌ಮೆಂಟ್ ವರ್ಷದಿಂದ ಇದು ಜಾರಿಯಲ್ಲಿದೆ, ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಬೇರೆ ಕಲಂ ಸಂಖ್ಯೆಯಲ್ಲಿ ಮುಂದುವರಿದಿದೆ. ಮಾರ್ಚ್ ಹತ್ತಿರ ಬಂದಂತೆ ಗಿರಾಕಿಯ ಆಡಿಟರೇ ಪಟ್ಟಿ ಕೇಳುತ್ತಾರೆ. ನಮ್ಮ ಹೆಸರು ಆ ಪಟ್ಟಿಯಲ್ಲಿ ಇರಬೇಕಾದರೆ ಉದ್ಯಮ್ ಪ್ರಮಾಣಪತ್ರ ಅವರ ವೆಂಡರ್ ಮಾಸ್ಟರ್‌ಗೆ ಮೊದಲೇ ಸೇರಿರಬೇಕು. ಹಾಗಾಗಿ ಪ್ರತಿ ಇನ್‌ವಾಯ್ಸಿನ ಮೇಲೂ ಉದ್ಯಮ್ ಸಂಖ್ಯೆ ಮತ್ತು 'ಕಿರು, ತಯಾರಿಕೆ' ಎಂದು ಅಚ್ಚು ಹಾಕಿಸಿದ್ದೇವೆ. ಈ ನಿಯಮದಿಂದ ಅಡ್ಡ ಪರಿಣಾಮವೂ ಆಗಿದೆ. ಉದ್ಯಮ್ ನೋಂದಣಿ ರದ್ದು ಮಾಡಿಸಿ ಎಂದು ಕೇಳುವ ಖರೀದಿದಾರರಿದ್ದಾರೆ, ಆರ್ಡರನ್ನು ಮಧ್ಯಮ ಉದ್ದಿಮೆಗೆ ತಿರುಗಿಸುವವರೂ ಇದ್ದಾರೆ. ರದ್ದು ಮಾಡಿಸಿಕೊಂಡವರಿಗೆ ಬ್ಯಾಂಕಿನ ಆದ್ಯತಾ ಸಾಲವೂ ಹೋಗುತ್ತದೆ. ನಾನಂತೂ ಅಂಥ ಆರ್ಡರಿಗೆ ಕೈಹಾಕುವುದಿಲ್ಲ.

ಪತ್ರಕ್ಕೂ ಬಗ್ಗದಿದ್ದರೆ ಕೌನ್ಸಿಲ್. 2017ರ ಅಕ್ಟೋಬರ್ 30ರಂದು ಶುರುವಾದ ಸಮಾಧಾನ್ ಪೋರ್ಟಲ್ ಬಹುಕಾಲ ಇದರ ಬಾಗಿಲಾಗಿತ್ತು. 2025ರ ಜೂನ್ 27ರಂದು ಆನ್‌ಲೈನ್ ವ್ಯಾಜ್ಯ ಪರಿಹಾರದ ಹೊಸ ಪೋರ್ಟಲ್ ಬಂದಿದೆ, ಅಲ್ಲಿ ಕೌನ್ಸಿಲಿಗೆ ಮೊದಲು ಇಬ್ಬರೂ ಮಾತಾಡಿಕೊಳ್ಳುವ ಹಂತವನ್ನೂ ಸೇರಿಸಿದ್ದಾರೆ. ಮಾತುಕತೆ ಆಗದಿದ್ದರೆ ರಾಜ್ಯದ ಕಿರು ಮತ್ತು ಸಣ್ಣ ಉದ್ದಿಮೆಗಳ ಸೌಲಭ್ಯ ಮಂಡಳಿಗೆ ಹೋಗುತ್ತದೆ. ಇದರ ದೊಡ್ಡ ಬಲ ಕಲಂ 18ರ ನಾಲ್ಕನೇ ಉಪಕಲಂನಲ್ಲಿದೆ: ಖರೀದಿದಾರ ಗುರುಗ್ರಾಮದಲ್ಲಿರಲಿ, ಪುಣೆಯಲ್ಲಿರಲಿ, ಪ್ರಕರಣ ನಡೆಯುವುದು ಸರಬರಾಜುದಾರ ಇರುವ ಊರಿನ ಕೌನ್ಸಿಲಿನಲ್ಲಿ. ಪಿಒದ ಹಿಂಬದಿ ಸಣ್ಣ ಅಕ್ಷರದಲ್ಲಿ 'ದೆಹಲಿಯ ನ್ಯಾಯಾಲಯಗಳಿಗೆ ಮಾತ್ರ ಅಧಿಕಾರ', 'ನಮ್ಮದೇ ಆರ್ಬಿಟ್ರೇಟರ್' (ಮಧ್ಯಸ್ಥಗಾರ) ಎಂದೆಲ್ಲ ಇದ್ದರೂ ಕೌನ್ಸಿಲಿಗೆ ಹೋಗಲು ಅದು ಅಡ್ಡಿಯಲ್ಲ ಎಂಬುದು ಮಹಾಕಾಳಿ ತೀರ್ಪಿನ ಸಾರ.

ಅರ್ಜಿ ತಿರಸ್ಕಾರವಾಗುವುದು ಬಹುಪಾಲು ಸಣ್ಣ ಕಾರಣಗಳಿಂದ. ಪಿಒ ಇರುವುದು ಪ್ರೊಪ್ರೈಟರ್ ಹೆಸರಿಗೆ, ಉದ್ಯಮ್ ಇರುವುದು ಮುಂದೆ ಮಾಡಿಕೊಂಡ ಪ್ರೈವೇಟ್ ಲಿಮಿಟೆಡ್ ಹೆಸರಿಗೆ. ಖರೀದಿದಾರರ ಸರಿಯಾದ ಇಮೇಲ್ ಇಲ್ಲ. ಪಿಒ ಬದಲು ವಾಟ್ಸ್‌ಆ್ಯಪ್ ಮೆಸೇಜು. ಲೆಡ್ಜರಿನ ಬಾಕಿಗೂ ಬಿಲ್ಲುಗಳ ಮೊತ್ತಕ್ಕೂ ತಾಳೆಯಿಲ್ಲ. ಕಟ್ಟಡ ಕಾಮಗಾರಿಯಂಥ ವರ್ಕ್ಸ್ ಕಾಂಟ್ರ್ಯಾಕ್ಟ್ ಆಗಿದ್ದರೆ ಅದು ಈ ಕಾಯ್ದೆಗೆ ಬರುವುದಿಲ್ಲ ಎಂದು ಕೆಲವು ಹೈಕೋರ್ಟ್‌ಗಳು ಹೇಳಿವೆ. ಅಂಥ ಕೆಲಸದವರು ಸರಬರಾಜು ಮತ್ತು ಅಳವಡಿಕೆಗೆ ಬೇರೆ ಬೇರೆ ಬಿಲ್ಲು ಮಾಡುವುದು ಒಳ್ಳೆಯದು. ಖರೀದಿದಾರ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಹೋಗಿದ್ದರೆ ಮೊರಟೋರಿಯಂ (ವಸೂಲಿ, ದಾವೆಗಳಿಗೆ ತಡೆ) ಇರುವಷ್ಟು ದಿನ ಕೌನ್ಸಿಲಿನ ಪ್ರಕರಣ ನಡೆಯುವುದಿಲ್ಲ, ದಿವಾಳಿ ಪ್ರಕ್ರಿಯೆ ನಡೆಸುವ ರೆಸಲ್ಯೂಷನ್ ಪ್ರೊಫೆಷನಲ್‌ಗೆ ಫಾರಂ ಬಿಯಲ್ಲಿ ಕ್ಲೇಮು ಹಾಕುವುದೊಂದೇ ದಾರಿ.

ಬಾಕಿಗೆ ದಾವೆ ಹೂಡಲು ಇರುವ ಮೂರು ವರ್ಷದ ವಾಯಿದೆಯ ಬಗ್ಗೆ ಎಚ್ಚರ. ರಾಜಿ ಸಂಧಾನಕ್ಕೆ ಹಳೆಯ ಬಾಕಿಯನ್ನೂ ಒಯ್ಯಬಹುದು, ಆದರೆ ಸಂಧಾನ ಮುರಿದು ಆರ್ಬಿಟ್ರೇಷನ್‌ಗೆ ಹೋದರೆ ಕಾಲಮಿತಿ ಕಾಯ್ದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಸೋನಾಲಿ ಪವರ್ ಪ್ರಕರಣದಲ್ಲಿ ಹೇಳಿದೆ. ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬ್ಯಾಲೆನ್ಸ್ ಕನ್ಫರ್ಮೇಷನ್ (ಬಾಕಿ ಇದೆ ಎಂದು ಗಿರಾಕಿ ಒಪ್ಪುವ) ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಆ ಸಹಿ ವಾಯಿದೆ ಮುಗಿಯುವ ಮೊದಲೇ ಬೀಳಬೇಕು, ಆಮೇಲೆ ಬಿದ್ದರೆ ಉಪಯೋಗವಿಲ್ಲ.

ಕಾಯ್ದೆ 90 ದಿನದೊಳಗೆ ತೀರ್ಮಾನ ಎನ್ನುತ್ತದೆ. ಹಾಗೆ ನಡೆಯುತ್ತದೆ ಎಂದು ಕ್ಯಾಷ್ ಫ್ಲೋ ಬರೆದುಕೊಳ್ಳಬೇಡಿ. ಸಂಧಾನದ ಮೊದಲ ಸುತ್ತಿನಲ್ಲೇ ಗಿರಾಕಿ ಕಡೆಯವರು 'ಅಸಲು ಕೊಡುತ್ತೇವೆ, ಬಡ್ಡಿ ಬಿಡಿ' ಎನ್ನುವುದು ಮಾಮೂಲು. ಬಿಡುವುದೇ ಲೇಸೇ? ಅಸಲು 30 ದಿನದೊಳಗೆ ಬರುವುದಾದರೆ, ಮತ್ತು ಆ ಗಿರಾಕಿ ಮುಂದೆಯೂ ಬೇಕಾದರೆ, ಬಡ್ಡಿಯಲ್ಲಿ ದೊಡ್ಡ ಪಾಲನ್ನು ಬಿಡಲು ನಾನು ತಯಾರು. ಆದರೆ ಬಾಯಿಮಾತಿಗೆ ಅಲ್ಲ. ರಾಜಿ ಪತ್ರ ಕೌನ್ಸಿಲಿನ ಮುಂದೆಯೇ ಸಹಿಯಾಗಬೇಕು. ಹಾಗಾದರೆ ಆರ್ಬಿಟ್ರೇಷನ್ ಕಾಯ್ದೆಯ ಕಲಂ 74ರ ಪ್ರಕಾರ ಅದಕ್ಕೆ ಅವಾರ್ಡಿನ, ಅಂದರೆ ಮಧ್ಯಸ್ಥಿಕೆ ತೀರ್ಪಿನ ಬಲ ಬರುತ್ತದೆ. ಕಂತಿನ ದಿನಾಂಕಗಳು ಮತ್ತು 'ಒಂದು ಕಂತು ತಪ್ಪಿದರೂ ಪೂರ್ತಿ ಬಡ್ಡಿ ಮರಳಿ ಬರುತ್ತದೆ' ಎಂಬ ಷರತ್ತು ಅದರಲ್ಲಿ ಇರಲೇಬೇಕು. ಚೆಕ್ ತೋರಿಸಿ 'ಅರ್ಜಿ ಹಿಂತೆಗೆದುಕೊಳ್ಳಿ' ಎಂದರೆ, ಹಣ ಖಾತೆಗೆ ಬೀಳುವವರೆಗೆ ಹಿಂತೆಗೆಯುವ ಮಾತೇ ಇಲ್ಲ.

ರಾಜಿ ಆಗದಿದ್ದರೆ ಕೌನ್ಸಿಲ್ ತಾನೇ ಆರ್ಬಿಟ್ರೇಷನ್ ನಡೆಸುತ್ತದೆ, ಇಲ್ಲವೇ ಒಂದು ಸಂಸ್ಥೆಗೆ ವಹಿಸುತ್ತದೆ. ವಹಿಸಿದರೆ ಆ ಸಂಸ್ಥೆಯ ಶುಲ್ಕ ಬೀಳುತ್ತದೆ; ಎರಡು ಲಕ್ಷದ ಬಾಕಿಗೆ ಈ ದಾರಿ ತುಟ್ಟಿಯಾಗಬಹುದು. ಖರೀದಿದಾರರು ಪ್ರತಿದಾವೆ ಹಾಕಲೂ ಅವಕಾಶವಿದೆ, ಅದನ್ನೂ ಸಿಲ್ಪಿ ತೀರ್ಪೇ ಹೇಳಿದೆ. ಅವಾರ್ಡ್ ನಮ್ಮ ಕಡೆ ಬಂದ ಮೇಲೆ ಅವರು ಅದನ್ನು ಪ್ರಶ್ನಿಸಬೇಕಾದರೆ ಕಲಂ 19ರ ಪ್ರಕಾರ ಮೊತ್ತದ ಶೇ 75ನ್ನು ನ್ಯಾಯಾಲಯದಲ್ಲಿ ಠೇವಣಿ ಇಡಬೇಕು, ಬಡ್ಡಿಯೂ ಸೇರಿ. ಆ ಠೇವಣಿಯಲ್ಲಿ ನ್ಯಾಯಾಲಯ ಸೂಕ್ತವೆಂದು ಕಂಡ ಪಾಲನ್ನು ಮೇಲ್ಮನವಿ ಮುಗಿಯುವ ಮೊದಲೇ ನಮಗೆ ಕೊಡಿಸಬಹುದು. ಇದಕ್ಕೆ ಅರ್ಜಿ ಹಾಕಬೇಕು, ತಾನಾಗಿ ಬರುವುದಿಲ್ಲ. ಬಹಳ ವಕೀಲರು ಇದನ್ನು ಕೇಳುವುದನ್ನೇ ಮರೆಯುತ್ತಾರೆ. ಯಾರೂ ಪ್ರಶ್ನಿಸದಿದ್ದರೆ ಅವಾರ್ಡನ್ನು ಡಿಕ್ರಿಯಂತೆ ಜಾರಿ ಮಾಡಿಸಲು ನ್ಯಾಯಾಲಯಕ್ಕೆ ಹೋಗಬೇಕು. ಕೌನ್ಸಿಲಿಗೆ ಬ್ಯಾಂಕ್ ಖಾತೆ ಜಪ್ತಿ ಮಾಡುವ ಅಧಿಕಾರವಿಲ್ಲ.

ನಮ್ಮ ವಹಿವಾಟಿನ ಅರ್ಧಕ್ಕಿಂತ ಹೆಚ್ಚು ಒಂದೇ ಗಿರಾಕಿಯದಾಗಿದ್ದರೆ ಕೌನ್ಸಿಲಿಗೆ ಹೋಗುವುದು ಕೊನೆಯ ಮಾತು. ಅಂಥ ಕಡೆ ಟ್ರೆಡ್ಸ್, ಅಂದರೆ ಬಿಲ್ಲಿನ ಮೇಲೆ ಬ್ಯಾಂಕಿನಿಂದ ಮುಂಚೆಯೇ ಹಣ ಪಡೆಯುವ ಆನ್‌ಲೈನ್ ವ್ಯವಸ್ಥೆ ವಾಸಿ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್‌ನಂಥ ವೇದಿಕೆಯಲ್ಲಿ ನೋಂದಾಯಿಸಿಕೊಳ್ಳಲೇಬೇಕು ಎಂದು 2024ರ ನವೆಂಬರ್ ಅಧಿಸೂಚನೆ ಹೇಳಿತು, ಹಿಂದೆ ಮಿತಿ 500 ಕೋಟಿ ಇತ್ತು. ಬಿಲ್ಲನ್ನು ಅಲ್ಲಿ ಏರಿಸಿ, ಖರೀದಿದಾರರು ಒಪ್ಪಿದರೆ ಬ್ಯಾಂಕುಗಳು ಹರಾಜಿನಂತೆ ದರ ಕೂಗುತ್ತವೆ; ದರ ಒಪ್ಪಿದ ಒಂದೆರಡು ಕೆಲಸದ ದಿನಗಳಲ್ಲಿ ಹಣ ಬರುತ್ತದೆ. ಗಿರಾಕಿ ಮುಂದೆ ಬ್ಯಾಂಕಿಗೆ ಹಣ ಕಟ್ಟದಿದ್ದರೂ ನಮ್ಮ ಮೇಲೆ ಹೊರೆ ಬರುವುದಿಲ್ಲ. ತೊಡಕು ಇರುವುದು ಆ 'ಒಪ್ಪಿದರೆ'ಯಲ್ಲಿ: ನೋಂದಣಿ ಕಡ್ಡಾಯ, ಬಿಲ್ಲು ಒಪ್ಪುವುದು ಕಡ್ಡಾಯವಲ್ಲ. ಹಾಗಾಗಿ ಹೊಸ ರೇಟ್ ಕಾಂಟ್ರ್ಯಾಕ್ಟ್ ಮಾತಾಡುವಾಗಲೇ 'ಜಿಆರ್‌ಎನ್ ಆದ 7 ದಿನದೊಳಗೆ ಟ್ರೆಡ್ಸ್‌ನಲ್ಲಿ ಬಿಲ್ಲು ಒಪ್ಪಬೇಕು, ಡಿಸ್ಕೌಂಟ್ ವೆಚ್ಚ ಇಂಥವರದು' ಎಂದು ಬರೆಸಿಕೊಳ್ಳುತ್ತೇವೆ. ವೆಚ್ಚ ನಮ್ಮದಾದರೆ ಅದನ್ನು ತುಂಡಿನ ರೇಟಿನಲ್ಲೇ ಸೇರಿಸುತ್ತೇವೆ.

ಬಡ್ಡಿ ಕೈಗೆ ಬಂದಾಗ ಇನ್ನೊಂದು ಲೆಕ್ಕ ಉಳಿದಿರುತ್ತದೆ. ವಿಳಂಬದ ಬಡ್ಡಿ ಜಿಎಸ್‌ಟಿಯಲ್ಲಿ ಮೂಲ ಸರಬರಾಜಿನ ಬೆಲೆಗೇ ಸೇರುತ್ತದೆ, ಆದ್ದರಿಂದ ಅದರ ಮೇಲೂ ಅದೇ ದರದ ತೆರಿಗೆ ಬೀಳುತ್ತದೆ. ಕಟ್ಟಬೇಕಾದದ್ದು ಬಡ್ಡಿ ಬಂದ ತಿಂಗಳು, ಬಿಲ್ಲು ಮಾಡಿದ ತಿಂಗಳಲ್ಲ. ರಾಜಿ ಪತ್ರದಲ್ಲಿ 'ಬಡ್ಡಿ ಒಂದು ಲಕ್ಷ, ಅದರ ಮೇಲಿನ ಜಿಎಸ್‌ಟಿ ಪ್ರತ್ಯೇಕ' ಎಂದು ಬರೆಸದಿದ್ದರೆ ಶೇ 18ರ ದರದಲ್ಲಿ ಆ ಒಂದು ಲಕ್ಷದೊಳಗಿಂದಲೇ 15,254 ರೂಪಾಯಿ ತೆರಿಗೆಗೆ ಹೋಗುತ್ತದೆ. ಬರೆಸಿದರೆ ಬಡ್ಡಿಗೆ ನಮ್ಮ ಕಡೆಯಿಂದ ಡೆಬಿಟ್ ನೋಟ್ ಕೊಟ್ಟು ತೆರಿಗೆಯನ್ನು ಬೇರೆಯಾಗಿ ಪಡೆಯಬಹುದು, ಅವರೂ ಅದರ ಕ್ರೆಡಿಟ್ ತೆಗೆದುಕೊಳ್ಳಬಹುದು.